ಅಲೆಯ ಚಿತ್ರ ಕಾಣದಿದ್ದರೆ ಎಲ್ಲಿ ಕತ್ತರಿಸುವುದು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನನಗೆ ಕಣ್ಣು ಸ್ವಲ್ಪವೂ ಕಾಣುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುತ್ತೇನೆ. ಮಕ್ಕಳಿಗಾಗಿ ಪಾಠ, ಪದ್ಯ, ಕತೆ ಓದಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುವುದು ರೂಢಿ. ತಪ್ಪು ಓದಿದ ಜಾಗಗಳನ್ನು ಅಕ್ಕನ ಮಗ ಕತ್ತರಿಸಿ ಕೊಡುತ್ತಿದ್ದ. ಅವನು ಈಗ ಓದಲು ಬೇರೆ ಊರಿಗೆ ಹೋಗಿದ್ದಾನೆ. ಧ್ವನಿ ಕತ್ತರಿಸಿ ಜೋಡಿಸುವ ಆಡ್ಯಾಸಿಟಿ ಎಂಬ ತಂತ್ರಾಂಶ ಹಾಕಿಸಿಕೊಂಡಿದ್ದೇನೆ. ಆದರೆ ಅದರಲ್ಲಿ ಎಲ್ಲರೂ ದನಿಯ ಏರಿಳಿತ ತೋರಿಸುವ ಅಲೆಯ ಚಿತ್ರ ನೋಡಿ ಕತ್ತರಿಸುತ್ತಾರಂತೆ. ಕಾಣದವಳಿಗೆ ಎಲ್ಲಿ ಕತ್ತರಿಸಬೇಕು ಅಂತ ತಿಳಿಯುವುದು ಹೇಗೆ? ಎನ್‌ವಿಡಿಎ ದನಿಯೂ ರೆಕಾರ್ಡಿಂಗ್‌ನಲ್ಲಿ ಸೇರಿಕೊಳ್ಳುತ್ತದೆ. ಕೊನೆಯದಾಗಿ, ಕತ್ತರಿಸಿದ್ದು ಕೇಳುವವರಿಗೆ ಗೊತ್ತಾಗದು ಎಂದು ನನಗೆ ಖಾತ್ರಿಯಾಗುವುದು ಹೇಗೆ?

ಉತ್ತರ: ಮೇಡಂ, ನನಗೂ ಕಣ್ಣು ಕಾಣುವುದಿಲ್ಲ. ಹದಿನೈದು ವರ್ಷದಿಂದ ಧ್ವನಿ ಕತ್ತರಿಸಿ ಜೋಡಿಸುವುದೇ ನನ್ನ ಕೆಲಸ. ಶುರುವಿನಲ್ಲಿ ನನಗೂ ಇದೇ ಅನುಮಾನ ಇತ್ತು. ಅದಕ್ಕೇ ಮೊದಲು ಒಂದು ವಿಷಯ ಹೇಳುತ್ತೇನೆ. ಅಲೆಯ ಚಿತ್ರ ಬಂದಿದ್ದು ಕಂಪ್ಯೂಟರ್ ಬಂದ ಮೇಲೆ. ಅದಕ್ಕೂ ಮುಂಚೆ ರೇಡಿಯೋದಲ್ಲಿ ಟೇಪ್ ಇತ್ತು. ಮಾತಿನ ರೆಕಾರ್ಡಿಂಗ್‌ಗೆ ಟೇಪ್ ಸಾಮಾನ್ಯವಾಗಿ ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ಕತ್ತರಿಸುವವರು ಎರಡೂ ಚಕ್ರಗಳನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ಮೆಲ್ಲಗೆ ಆಡಿಸುತ್ತಿದ್ದರು. ಮಾತು ಎಲ್ಲಿ ಶುರುವಾಗುತ್ತದೆ ಎಂದು ಕಿವಿಗೊಟ್ಟು ಕೇಳುತ್ತಿದ್ದರು. ಅಲ್ಲಿ ಪೆನ್ಸಿಲಿನ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಕಂದು ಬಣ್ಣದ ಆ ಪಟ್ಟಿಯಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಇದು ಮೊದಲಿನಿಂದಲೂ ಕಿವಿಯ ಕೆಲಸ. ಚಿತ್ರ ಒಂದು ಅಡ್ಡದಾರಿ, ಅಷ್ಟೆ.

ಆಡ್ಯಾಸಿಟಿಯಲ್ಲಿ ನೂರಾರು ಶಾರ್ಟ್‌ಕಟ್ ಇವೆ. ಎಲ್ಲವನ್ನೂ ಬಾಯಿಪಾಠ ಮಾಡಲು ಹೋಗಬೇಡಿ. ಹತ್ತು ಹನ್ನೆರಡು ಬಂದರೆ ನಿಮ್ಮ ಕೆಲಸ ನಡೆಯುತ್ತದೆ. ಅದಕ್ಕಿಂತ ದೊಡ್ಡದು ಒಂದು ಅಭ್ಯಾಸ: ಕತ್ತರಿಸುವ ಮುಂಚೆ, ಕತ್ತರಿಸಿದರೆ ಹೇಗೆ ಕೇಳುತ್ತದೆ ಎಂದು ಕೇಳಿ ನೋಡುವುದು. ಇದು ಕೈಗೆ ಹತ್ತಿದರೆ ಚಿತ್ರ ನೋಡಿ ಕತ್ತರಿಸುವವರಿಗಿಂತ ನಿಮ್ಮ ಬೆಸುಗೆ ಚೆನ್ನಾಗಿರುತ್ತದೆ. ಇದು ನಿಮಗೆ ಸಮಾಧಾನವಾಗಲಿ ಎಂದು ಹೇಳುವ ಮಾತಲ್ಲ. ಅಲೆ ಎಲ್ಲಿ ಸಣ್ಣದಾಗಿದೆಯೋ ಅಲ್ಲಿ ಕಣ್ಣು ಕತ್ತರಿಸುತ್ತದೆ. ಉಸಿರು ಎಲ್ಲಿ ಮುಗಿಯಿತು, ರಾಗ ಎಲ್ಲಿ ಇಳಿಯಿತು ಎಂಬುದು ಗೊತ್ತಾಗುವುದು ಕಿವಿಗೆ ಮಾತ್ರ.

ಮೊದಲು ಸ್ವಲ್ಪ ತಯಾರಿ. ಆಡ್ಯಾಸಿಟಿ ತೆರೆದು ಕಂಟ್ರೋಲ್ ಮತ್ತು ಪಿ ಒತ್ತಿದರೆ ಪ್ರೆಫರೆನ್ಸಸ್ ಬರುತ್ತದೆ. ಅದರಲ್ಲಿ ಕೀಬೋರ್ಡ್ ಎಂಬ ವಿಭಾಗವಿದೆ. ಅಲ್ಲಿ ಡಿಫಾಲ್ಟ್ಸ್ ಎಂಬ ಬಟನ್ ಒತ್ತಿದರೆ ಸ್ಟ್ಯಾಂಡರ್ಡ್, ಫುಲ್ ಎಂದು ಎರಡು ಆಯ್ಕೆ ಬರುತ್ತವೆ. ಫುಲ್ ಆರಿಸಿಕೊಳ್ಳಿ. ನಮಗೆ ಬೇಕಾದ ಕೆಲವು ಶಾರ್ಟ್‌ಕಟ್‌ಗಳು ಅದರಲ್ಲಿ ಮಾತ್ರ ಸಿಗುತ್ತವೆ. ಎಷ್ಟೋ ಜನ ಈ ಒಂದು ಹೆಜ್ಜೆ ಬಿಟ್ಟು, ಆಮೇಲೆ ಕೀಗಳು ಕೆಲಸ ಮಾಡುತ್ತಿಲ್ಲ ಎಂದು ಕೈಬಿಡುತ್ತಾರೆ. ಇನ್ನೊಂದು ಮಾತು. ನೀವು ಕನ್ನಡ ಟೈಪ್ ಮಾಡುವವರು. ಕೀಬೋರ್ಡ್ ಕನ್ನಡದಲ್ಲಿ ಉಳಿದುಬಿಟ್ಟಿದ್ದರೆ ಒಂದಕ್ಷರದ ಶಾರ್ಟ್‌ಕಟ್‌ಗಳು ಕೈಕೊಡಬಹುದು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬಂದು ಕೆಲಸ ಶುರುಮಾಡಿ.

ಎನ್‌ವಿಡಿಎ ದನಿ ರೆಕಾರ್ಡಿಂಗ್‌ಗೆ ಸೇರುವುದಕ್ಕೆ ಮೂರು ದಾರಿಗಳಿವೆ. ಒಂದು, ಲ್ಯಾಪ್‌ಟಾಪಿನ ಸ್ಪೀಕರ್‌ನಿಂದ ಬಂದ ದನಿಯನ್ನು ಮೈಕ್ ಹಿಡಿಯುವುದು. ಹೆಡ್‌ಫೋನ್ ಹಾಕಿದರೆ ಇದು ನಿಲ್ಲುತ್ತದೆ. ಎರಡು, ಹೆಡ್‌ಫೋನಿನಿಂದಲೇ ದನಿ ಸೋರುವುದು. ಮೈಕ್ ಬಾಯಿಯ ಹತ್ತಿರ, ಹೆಡ್‌ಫೋನ್ ಕಿವಿಯ ಮೇಲೆ. ನಡುವೆ ಒಂದು ಗೇಣೂ ಇರುವುದಿಲ್ಲ. ಎನ್‌ವಿಡಿಎ ದನಿ ತಗ್ಗಿಸಿ, ಕಿವಿಗೆ ಬಿಗಿಯಾಗಿ ಕೂರುವ ಹೆಡ್‌ಫೋನ್ ಬಳಸಿ. ಮೂರನೆಯದು ಕಂಡುಹಿಡಿಯಲು ಕಷ್ಟ. ಆಡ್ಯಾಸಿಟಿ ಮೈಕ್‌ನಿಂದ ರೆಕಾರ್ಡ್ ಮಾಡುವ ಬದಲು ಕಂಪ್ಯೂಟರಿನ ಒಳಗೆ ನುಡಿಯುವ ದನಿಯನ್ನೇ ರೆಕಾರ್ಡ್ ಮಾಡುತ್ತಿರಬಹುದು. ಶಿಫ್ಟ್ ಮತ್ತು ಐ ಒತ್ತಿ. ರೆಕಾರ್ಡ್ ಮಾಡುವ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ಸ್ಟೀರಿಯೋ ಮಿಕ್ಸ್ ಅಥವಾ ಲೂಪ್‌ಬ್ಯಾಕ್ ಎಂದಿದ್ದರೆ ಅದೇ ಕಾರಣ. ನಿಮ್ಮ ಮೈಕ್ ಹೆಸರಿಗೆ ಬದಲಿಸಿ. ನಾನು ಮೊದಮೊದಲು ಒಬ್ಬ ಹಿರಿಯರನ್ನು ನಲವತ್ತು ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡಿದ್ದೆ. ಮನೆಗೆ ಬಂದು ಕೇಳಿದರೆ ಅವರ ಮಾತಿನ ಮೇಲೆ ಸ್ಕ್ರೀನ್ ರೀಡರ್ ನಿಮಿಷಕ್ಕೊಂದು ಸಲ ಏನೋ ಓದುತ್ತಿತ್ತು. ಆ ಮಾತುಗಳನ್ನು ಮತ್ತೆ ಕೇಳುವ ಭಾಗ್ಯ ನನಗೆ ಸಿಗಲಿಲ್ಲ. ಅವತ್ತಿನಿಂದ, ಏನೇ ರೆಕಾರ್ಡ್ ಮಾಡುವ ಮುಂಚೆ ಹತ್ತು ಸೆಕೆಂಡಿನ ಪರೀಕ್ಷೆ ಮಾಡದೆ ನಾನು ಶುರುಮಾಡುವುದಿಲ್ಲ.

ಓದುವಾಗ ಎನ್‌ವಿಡಿಎ ಮಾತು ಬೇಡವೇ ಬೇಡ ಎಂದಿದ್ದರೆ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಮತ್ತು ಎಸ್ ಒತ್ತಿ. ಒತ್ತಿದ ಹಾಗೆ ಮಾತು, ಮೌನ, ಬೀಪ್ ಮುಂತಾಗಿ ಬದಲಾಗುತ್ತದೆ. ಮೌನಕ್ಕೆ ಬಂದಾಗ ಬಿಡಿ. ಕೆಲಸ ಮುಗಿದ ಮೇಲೆ ಅದೇ ಕೀಗಳಿಂದ ಮಾತಿಗೆ ಹಿಂದಿರುಗಿ. ಎನ್‌ವಿಡಿಎ ಮಾತಾಡುವಾಗ ಉಳಿದ ದನಿ ತಾನಾಗಿ ತಗ್ಗುವ ಒಂದು ಸೌಲಭ್ಯವೂ ಇದೆ. ಲ್ಯಾಪ್‌ಟಾಪ್‌ನಲ್ಲಿ ಹಾಡು ಕೇಳುವಾಗ ಅದು ಹಿತ. ಕತ್ತರಿಸುವಾಗ ಮಾತ್ರ ದನಿ ನಿಜವಾಗಿಯೂ ಸಣ್ಣದಾಗಿದೆಯೋ, ಇದು ತಗ್ಗಿಸಿತೋ ಗೊತ್ತಾಗದೆ ದಾರಿ ತಪ್ಪಿಸುತ್ತದೆ. ಎನ್‌ವಿಡಿಎ ಕೀ, ಶಿಫ್ಟ್ ಮತ್ತು ಡಿ ಒತ್ತಿ ಅದನ್ನು ನಿಲ್ಲಿಸಿಬಿಡಿ. ಒತ್ತಿದ ಪ್ರತಿ ಅಕ್ಷರವನ್ನೂ ಅದು ಓದುತ್ತಿದ್ದರೆ ಎನ್‌ವಿಡಿಎ ಕೀ ಮತ್ತು 2 ಒತ್ತಿ ನಿಲ್ಲಿಸಿ.

ಕೈಲಿ ಕೆಲವು ನೂರು ರೂಪಾಯಿ ಇದ್ದರೆ ಯುಎಸ್‌ಬಿಗೆ ಹಾಕುವ ಪುಟ್ಟ ಸೌಂಡ್ ಕಾರ್ಡ್ ಒಂದು ತೆಗೆದುಕೊಳ್ಳಿ. ಎನ್‌ವಿಡಿಎ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ವಿಭಾಗಕ್ಕೆ ಹೋಗಿ ಅದರ ದನಿಯನ್ನು ಈ ಕಾರ್ಡಿಗೆ ಕಳಿಸಿ. ಒಂದು ಕಿವಿಗೆ ಸಣ್ಣ ಇಯರ್‌ಫೋನ್, ಅದರಲ್ಲಿ ಎನ್‌ವಿಡಿಎ. ಮೇಲೆ ದೊಡ್ಡ ಹೆಡ್‌ಫೋನ್, ಅದರಲ್ಲಿ ನಿಮ್ಮ ರೆಕಾರ್ಡಿಂಗ್. ಎರಡೂ ಬೆರೆಯುವುದಿಲ್ಲ. ನಾನು ಕೊಂಡ ಸಾಮಾನುಗಳಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಈಗ ಅಸಲು ಕೆಲಸಕ್ಕೆ ಬರೋಣ.

ಸ್ಪೇಸ್ ಒತ್ತಿದರೆ ಕೇಳಿಸುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಆದರೆ ನಿಂತ ಮೇಲೆ ಕರ್ಸರ್ ಶುರುವಾದ ಜಾಗದಲ್ಲೇ ಇರುತ್ತದೆ. ಎಕ್ಸ್ ಒತ್ತಿ ನಿಲ್ಲಿಸಿದರೆ ಎಲ್ಲಿ ನಿಂತಿತೋ ಅಲ್ಲಿಗೇ ಕರ್ಸರ್ ಬರುತ್ತದೆ. ಇವೆರಡರ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಅರ್ಧ ಕಲಿತಂತೆ. ಸುಮ್ನೆ ಕೇಳಿ ನೋಡಬೇಕಿದ್ದರೆ ಸ್ಪೇಸ್. ಇಲ್ಲಿ ಏನೋ ಮಾಡಬೇಕಿದೆ ಎಂದಿದ್ದರೆ ಎಕ್ಸ್. ಕಾಮಾ ಒತ್ತಿದರೆ ಒಂದು ಸೆಕೆಂಡ್ ಹಿಂದಕ್ಕೆ, ಫುಲ್‌ಸ್ಟಾಪ್ ಒತ್ತಿದರೆ ಒಂದು ಸೆಕೆಂಡ್ ಮುಂದಕ್ಕೆ. ಜೊತೆಗೆ ಶಿಫ್ಟ್ ಹಿಡಿದರೆ ಹದಿನೈದು ಸೆಕೆಂಡ್.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಹೀಗೆ ಓದಿದ್ದೀರಿ: "ಅಜ್ಜ ಬೆಳಗ್ಗೆ ಎದ್ದು ಹೊಲಕ್ಕೆ ಹೋದಳು." ತಪ್ಪು ಗೊತ್ತಾಗಿ ತಡೆದು, ಮತ್ತೆ ಓದಿದ್ದೀರಿ: "ಅಜ್ಜ ಬೆಳಗ್ಗೆ ಎದ್ದು ಹೊಲಕ್ಕೆ ಹೋದನು." ಇದರಲ್ಲಿ ಮೊದಲನೆಯದು ಹೋಗಬೇಕು. "ಹೋದಳು" ಒಂದನ್ನೇ ಕಿತ್ತು "ಹೋದನು" ಅಂಟಿಸುವ ಆಸೆಗೆ ಬೀಳಬೇಡಿ. ಕನ್ನಡದಲ್ಲಿ ನಾವು ಪದ ಪದ ಬಿಡಿಸಿ ಓದುವುದಿಲ್ಲ. ಒಂದರ ಬಾಲ ಇನ್ನೊಂದರ ತಲೆಗೆ ಅಂಟಿರುತ್ತದೆ. "ಮನೆಯಲ್ಲಿದ್ದಾನೆ" ಎನ್ನುವಾಗ ಎಲ್ಲಿ ಮನೆ ಮುಗಿಯಿತು, ಎಲ್ಲಿ ಇದ್ದಾನೆ ಶುರುವಾಯಿತು? ಹಾಗಾಗಿ ತಪ್ಪಾದಾಗ ಯಾವಾಗಲೂ ವಾಕ್ಯದ ಮೊದಲಿನಿಂದ ಮತ್ತೆ ಓದಿ. ಕತ್ತರಿಸುವಾಗ ಮೊದಲ "ಅಜ್ಜ" ಶುರುವಾಗುವ ಕ್ಷಣದಿಂದ ಎರಡನೇ "ಅಜ್ಜ" ಶುರುವಾಗುವ ಕ್ಷಣದವರೆಗೆ ತೆಗೆಯಿರಿ. ಹಿಂದಿನ ವಾಕ್ಯದ ಕೊನೆ, ಅದರ ನಂತರದ ನಿಲುಗಡೆ, ನಿಮ್ಮ ಉಸಿರು ಎಲ್ಲ ಹಾಗೇ ಉಳಿಯುತ್ತವೆ. ಮುಂದೆ ಸರಿಯಾದ ವಾಕ್ಯ ಬಂದು ಕೂರುತ್ತದೆ.

ಕೈಯಿಂದ ಮಾಡುವುದು ಹೀಗೆ. ತಪ್ಪಿಗಿಂತ ಸ್ವಲ್ಪ ಹಿಂದೆ ಹೋಗಿ ಸ್ಪೇಸ್ ಒತ್ತಿ. ಮೊದಲ "ಅಜ್ಜ" ಕೇಳಿದ ತಕ್ಷಣ ಎಡ ಬ್ರಾಕೆಟ್ ಒತ್ತಿ. ಪಿ ಕೀ ಬಲಕ್ಕೆ ಇರುವುದು ಅದು. ಎರಡನೇ "ಅಜ್ಜ" ಕೇಳಿದ ತಕ್ಷಣ ಅದರ ಪಕ್ಕದ ಬಲ ಬ್ರಾಕೆಟ್ ಒತ್ತಿ. ಸ್ಪೇಸ್ ಒತ್ತಿ ನಿಲ್ಲಿಸಿ. ಒಂದು ತುಂಡು ಆಯ್ಕೆಯಾಯಿತು.

ಆದರೆ ಈ ಎರಡೂ ಗುರುತು ತಡವಾಗಿ ಬಿದ್ದಿರುತ್ತವೆ. ಕಿವಿಗೆ ಬಿದ್ದದ್ದು ಬೆರಳಿಗೆ ಇಳಿಯುವ ಹೊತ್ತಿಗೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಎಷ್ಟು ಚುರುಕಿನವರಿಗೂ ಇದು ತಪ್ಪಿದ್ದಲ್ಲ. ಅಂದರೆ ಎರಡೂ ಅಂಚನ್ನು ಎಡಕ್ಕೆ ಸರಿಸಬೇಕು. ಎಡ ಅಂಚನ್ನು ಎಡಕ್ಕೆ ಸರಿಸಲು ಶಿಫ್ಟ್ ಮತ್ತು ಎಡ ಬಾಣ. ಬಲ ಅಂಚನ್ನು ಎಡಕ್ಕೆ ಸರಿಸಲು ಕಂಟ್ರೋಲ್, ಶಿಫ್ಟ್ ಮತ್ತು ಎಡ ಬಾಣ. ಈ ಎರಡನ್ನು ಮೊದಲು ಕಲಿಯಿರಿ. ಇವುಗಳ ಬಲ ಬಾಣದ ಜೋಡಿಯೂ ಇದೆ, ಜಾಸ್ತಿ ಸರಿದಾಗ ಹಿಂದೆ ತರಲು. ಶಿಫ್ಟ್ ಮತ್ತು ಬಲ ಬಾಣ ಬಲ ಅಂಚನ್ನು ಮುಂದೆ ತಳ್ಳುತ್ತದೆ. ಕಂಟ್ರೋಲ್ ಸೇರಿಸಿದರೆ ಎಡ ಅಂಚು ಮುಂದೆ ಬರುತ್ತದೆ.

ಬಾಣ ಒಮ್ಮೆ ಒತ್ತಿದರೆ ಎಷ್ಟು ಸರಿಯುತ್ತದೆ? ಇಲ್ಲಿ ನಮ್ಮವರು ಎಡವುವುದು ಜಾಸ್ತಿ. ಅದು ಪರದೆಯ ಜೂಮ್ ಮೇಲೆ ನಿಂತಿದೆ. ಪರದೆ ನಮಗೆ ಕಾಣದಿದ್ದರೂ ಜೂಮ್ ನಮಗೂ ಬೇಕು. ಇಡೀ ಒಂದು ಗಂಟೆಯ ಪಾಠ ಪರದೆಯಲ್ಲಿ ಹಿಡಿಸುವಂತೆ ಇದ್ದರೆ ಒಂದು ಬಾಣಕ್ಕೆ ಹಲವು ಸೆಕೆಂಡ್ ಹಾರಿಬಿಡುತ್ತದೆ. ಕಂಟ್ರೋಲ್ ಮತ್ತು 2 ಒತ್ತಿದರೆ ಸಾಮಾನ್ಯ ಜೂಮ್. ಆಗ ಒಂದು ಬಾಣಕ್ಕೆ ಸುಮಾರು ಸೆಕೆಂಡಿನ ನೂರನೇ ಒಂದು ಭಾಗ. ಮಾತು ಕತ್ತರಿಸಲು ಇದು ಹೇಳಿಮಾಡಿಸಿದ ಅಳತೆ. ಇನ್ನೂ ನುಣ್ಣಗೆ ಬೇಕಾದರೆ ಕಂಟ್ರೋಲ್ ಮತ್ತು 1, ಒರಟಾಗಿ ಬೇಕಾದರೆ ಕಂಟ್ರೋಲ್ ಮತ್ತು 3. ಫೈಲ್ ತೆರೆದ ಕೂಡಲೇ ಕಂಟ್ರೋಲ್ ಮತ್ತು 2 ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

ಎಷ್ಟು ಸರಿಸಬೇಕೆಂದು ಕಿವಿ ಹೇಳುತ್ತದೆ. ಶಿಫ್ಟ್ ಮತ್ತು ಎಫ್6 ಒತ್ತಿದರೆ ಆಯ್ಕೆಯ ಮೊದಲ ಚೂರು ಕೇಳಿಸುತ್ತದೆ. "ಜ್ಜ ಬೆಳಗ್ಗೆ" ಎಂದು ಕೇಳಿದರೆ "ಅ" ಹೊರಗೆ ಉಳಿದಿದೆ ಎಂದರ್ಥ. ಎಡ ಅಂಚನ್ನು ಹತ್ತಿಪ್ಪತ್ತು ಬಾಣ ಎಡಕ್ಕೆ ಸರಿಸಿ ಮತ್ತೆ ಕೇಳಿ. ಪೂರ್ತಿ "ಅಜ್ಜ" ಕೇಳುವವರೆಗೆ. ಆಮೇಲೆ ಶಿಫ್ಟ್ ಮತ್ತು ಎಫ್8 ಒತ್ತಿ. ಇದು ಆಯ್ಕೆ ಮುಗಿದ ನಂತರದ ಚೂರು, ಅಂದರೆ ಉಳಿಯುವ ಮಾತು. ಅಲ್ಲೂ ಪೂರ್ತಿ "ಅಜ್ಜ" ಇರಬೇಕು. ಇಲ್ಲದಿದ್ದರೆ ಬಲ ಅಂಚನ್ನು ಎಡಕ್ಕೆ ತನ್ನಿ. ಶಿಫ್ಟ್ ಜೊತೆ ಎಫ್5 ಒತ್ತಿದರೆ ಆಯ್ಕೆಯ ಹಿಂದಿನ ಚೂರು, ಎಫ್7 ಒತ್ತಿದರೆ ಆಯ್ಕೆಯ ಕೊನೆಯ ಚೂರು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇವಕ್ಕೆ ಎಫ್‌ಎನ್ ಕೀ ಕೂಡ ಹಿಡಿಯಬೇಕು.

ಈಗ ಸಿ ಒತ್ತಿ.

ಈ ಒಂದು ಕೀಗಾಗಿಯೇ ನಾನು ಆಡ್ಯಾಸಿಟಿಯನ್ನು ಇಷ್ಟಪಡುತ್ತೇನೆ. ಸಿ ಒತ್ತಿದರೆ ಆಯ್ಕೆಗೆ ಎರಡು ಸೆಕೆಂಡ್ ಮೊದಲಿನಿಂದ ಶುರುವಾಗಿ, ಆಯ್ಕೆಯನ್ನು ಹಾರಿ, ನಂತರದ ಒಂದು ಸೆಕೆಂಡ್ ಕೇಳಿಸುತ್ತದೆ. ಅಂದರೆ ಕತ್ತರಿಸಿದ ಮೇಲೆ ಹೇಗಿರುತ್ತದೋ ಹಾಗೆ, ಆದರೆ ಇನ್ನೂ ಕತ್ತರಿಸಿಲ್ಲ. ಒಂದು ಸೆಕೆಂಡ್ ಸಾಲದೆನಿಸಿದರೆ ಪ್ರೆಫರೆನ್ಸಸ್‌ನ ಪ್ಲೇಬ್ಯಾಕ್ ವಿಭಾಗದಲ್ಲಿ ಹೆಚ್ಚಿಸಬಹುದು. ನಾನು ಎರಡೂ ಕಡೆ ಎರಡೂವರೆ ಇಟ್ಟುಕೊಂಡಿದ್ದೇನೆ. ಕನ್ನಡ ವಾಕ್ಯದ ರಾಗ ತಿಳಿಯಲು ಅಷ್ಟು ಬೇಕು. ಮೂರು ಸಲ ಸಿ ಒತ್ತಿ ಕೇಳಿ. ಮೂರೂ ಸಲ ಕಿವಿ ಎಲ್ಲೂ ತಡವರಿಸದಿದ್ದರೆ ಝಡ್ ಒತ್ತಿ, ಆಮೇಲೆ ಡಿಲೀಟ್ ಒತ್ತಿ. ಝಡ್ ಎರಡೂ ಅಂಚನ್ನು ಅಲೆ ಸೊನ್ನೆಯನ್ನು ದಾಟುವ ಹತ್ತಿರದ ಜಾಗಕ್ಕೆ ಸರಿಸುತ್ತದೆ. ಬೆಸುಗೆಯಲ್ಲಿ "ಟಕ್" ಎಂಬ ಸದ್ದು ಬರದಿರಲು ಅದು ನೆರವಾಗುತ್ತದೆ. ಡಿಲೀಟ್ ಒತ್ತಿದ ಮೇಲೂ ಮನಸ್ಸು ಒಪ್ಪದಿದ್ದರೆ ಕಂಟ್ರೋಲ್ ಮತ್ತು ಝಡ್ ಇದ್ದೇ ಇದೆ.

ಮೊದಲ ಕತ್ತರಿಗೆ ಹತ್ತು ನಿಮಿಷ ಹಿಡಿಯುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಐವತ್ತನೆಯದಕ್ಕೆ ಅರ್ಧ ನಿಮಿಷ ಸಾಕು.

ಡಿಲೀಟ್ ಒತ್ತಿದರೂ ಏನೂ ಆಗದಿದ್ದರೆ ಟ್ರ್ಯಾಕ್, ಅಂದರೆ ನಿಮ್ಮ ರೆಕಾರ್ಡಿಂಗ್ ಇರುವ ಸಾಲು, ಆಯ್ಕೆಯಾಗಿಲ್ಲ ಎಂದರ್ಥ. ಆಡ್ಯಾಸಿಟಿಯಲ್ಲಿ ಸಮಯದ ಆಯ್ಕೆ ಬೇರೆ, ಟ್ರ್ಯಾಕಿನ ಆಯ್ಕೆ ಬೇರೆ. ಎರಡೂ ಇರಬೇಕು. ಮೇಲೆ ಕೆಳಗೆ ಬಾಣದಿಂದ ಟ್ರ್ಯಾಕಿಗೆ ಹೋದಾಗ ಅದರ ಹೆಸರಿನ ಜೊತೆ ಆಯ್ಕೆಯಾಗಿದೆ ಎಂದು ಎನ್‌ವಿಡಿಎ ಹೇಳಬೇಕು. ಹೇಳದಿದ್ದರೆ ಎಂಟರ್ ಒತ್ತಿ. ಮೆನುವಿಗೋ ಟೂಲ್‌ಬಾರಿಗೋ ಹೋಗಿ ದಾರಿ ತಪ್ಪಿದರೆ ಕಂಟ್ರೋಲ್ ಮತ್ತು ಎಫ್6 ಒತ್ತುತ್ತಾ ಟ್ರ್ಯಾಕಿಗೆ ವಾಪಸ್ ಬನ್ನಿ.

ಇನ್ನು ಕನ್ನಡದ್ದೇ ಆದ ಕೆಲವು ಸೂಕ್ಷ್ಮಗಳು. ಇವು ನನಗೆ ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಸಿಗಲಿಲ್ಲ, ಕೆಲಸ ಮಾಡುತ್ತಾ ಕಲಿತದ್ದು. ನಮ್ಮ ವಾಕ್ಯಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಹೋದನು, ಬಂದಳು, ಇದೆ, ಅಲ್ಲವೇ. ಆ ಕೊನೆಯ ಸ್ವರ ಒಮ್ಮೆಗೇ ನಿಲ್ಲುವುದಿಲ್ಲ. ಕರಗುತ್ತಾ ಹೋಗುತ್ತದೆ. ಅದು ಮುಗಿಯಿತು ಎಂದು ಅನ್ನಿಸಿದ ಕೂಡಲೇ ಕತ್ತರಿಸಿದರೆ ಬಾಲ ಕತ್ತರಿಸಿದ ಹಾಗೆ ಕೇಳುತ್ತದೆ. ಅದಕ್ಕೇ ನಾನು ಹಿಂದಿನ ಪದದ ಕೊನೆಗೆ ಅಂಟಿಕೊಂಡು ಕತ್ತರಿಸುವುದಿಲ್ಲ. ಮುಂದಿನ ಪದದ ಶುರುವಿಗೆ ಅಂಟಿಕೊಂಡು ಕತ್ತರಿಸುತ್ತೇನೆ. ಮುಂದಿನ ಪದ ಕ, ತ, ಪ, ಟ ಇಂಥ ಅಕ್ಷರದಿಂದ ಶುರುವಾದರೆ ಬಹಳ ಸುಲಭ. ಅವುಗಳ ಹಿಂದೆ ಬಾಯಿ ಮುಚ್ಚಿದ ಒಂದು ಗಳಿಗೆಯ ಮೌನ ಇರುತ್ತದೆ. ಸ, ಶ, ಹ ಆದರೆ ಹುಷಾರು. ಅವು ಗಾಳಿಯ ಹಾಗೆ ಮೆಲ್ಲಗೆ ಏಳುತ್ತವೆ. ಸ್ವಲ್ಪ ತಡವಾಗಿ ಕತ್ತರಿಸಿದರೆ "ಹಾಲು" ಹೋಗಿ "ಆಲು" ಉಳಿಯುತ್ತದೆ.

ಎರಡನೆಯದು ಒತ್ತಕ್ಷರ. "ಕತ್ತೆ" ಎಂದು ನಿಧಾನವಾಗಿ ಹೇಳಿ ನೋಡಿ. "ಕ" ಆದ ಮೇಲೆ ನಾಲಿಗೆ ಹಲ್ಲಿಗೆ ಒತ್ತಿ ನಿಲ್ಲುತ್ತದೆ. ಆ ಹೊತ್ತು ದನಿಯೇ ಇಲ್ಲ, ಬರೀ ಮೌನ. ಆ ಮೌನವೇ ಒತ್ತು. ಅದನ್ನು ಮೊಟಕು ಮಾಡಿದರೆ "ಕತ್ತೆ" ಹೋಗಿ "ಕತೆ" ಆಗುತ್ತದೆ. ಆಡ್ಯಾಸಿಟಿಯಲ್ಲಿ ಟ್ರಂಕೇಟ್ ಸೈಲೆನ್ಸ್ ಎಂಬ ಸೌಲಭ್ಯವಿದೆ. ಉದ್ದದ ಮೌನಗಳನ್ನು ಅದು ಒಂದೇ ಏಟಿಗೆ ಚಿಕ್ಕದು ಮಾಡುತ್ತದೆ. ಒಳ್ಳೆಯ ಕೆಲಸಗಾರ. ಆದರೆ ಎಷ್ಟು ಉದ್ದದ ಮೌನವನ್ನು ಮುಟ್ಟಬೇಕು ಎಂಬ ಅಳತೆಯನ್ನು ತೀರಾ ಚಿಕ್ಕದು ಮಾಡಿದರೆ ಪದದೊಳಗಿನ ಒತ್ತುಗಳನ್ನೂ ತಿಂದುಹಾಕುತ್ತದೆ. ಅರ್ಧ ಸೆಕೆಂಡಿಗಿಂತ ಕಡಿಮೆ ಮಾಡಬೇಡಿ. ಪದ್ಯಕ್ಕಂತೂ ಇದನ್ನು ಬಳಸಲೇಬೇಡಿ. ಪದ್ಯದಲ್ಲಿ ಸಾಲಿನ ಕೊನೆಯ ನಿಲುಗಡೆ ಓದುಗರು ಬೇಕೆಂದೇ ಇಟ್ಟದ್ದು. ಅದನ್ನು ಯಂತ್ರ ತೀರ್ಮಾನಿಸಬಾರದು.

ಮೌನದ ಬಗ್ಗೆಯೇ ಇನ್ನೊಂದು ಮಾತು. ಕೆಮ್ಮು, ಪಕ್ಕದ ಮನೆಯ ಕುಕ್ಕರ್ ಸೀಟಿ ಇಂಥದ್ದು ಎರಡು ವಾಕ್ಯಗಳ ನಡುವೆ ಬಂದರೆ ಕಂಟ್ರೋಲ್ ಮತ್ತು ಎಲ್ ಒತ್ತಿ ಅಲ್ಲಿ ಪೂರ್ತಿ ಮೌನ ತುಂಬಬಹುದು. ನಾನು ಹಾಗೆ ಮಾಡುವುದಿಲ್ಲ. ಕೋಣೆಗೂ ಅದರದೇ ಒಂದು ಸಣ್ಣ ಸದ್ದು ಇರುತ್ತದೆ. ಅದು ಒಮ್ಮೆಗೇ ನಿಂತರೆ ಹೆಡ್‌ಫೋನಿನಲ್ಲಿ ಗುಂಡಿ ಬಿದ್ದ ಹಾಗೆ ಅನಿಸುತ್ತದೆ. ಓದು ಶುರುಮಾಡುವ ಮುಂಚೆ ಹತ್ತು ಸೆಕೆಂಡ್ ಸುಮ್ಮನೆ ಕೂತು ಕೋಣೆಯನ್ನೇ ರೆಕಾರ್ಡ್ ಮಾಡಿ. ಅದರಿಂದ ಬೇಕಾದಷ್ಟು ಕಂಟ್ರೋಲ್ ಮತ್ತು ಸಿ ಒತ್ತಿ ನಕಲು ಮಾಡಿ, ಕೆಮ್ಮಿನ ಜಾಗವನ್ನು ಆಯ್ಕೆ ಮಾಡಿ ಕಂಟ್ರೋಲ್ ಮತ್ತು ವಿ ಒತ್ತಿ. ಫ್ಯಾನಿನ ಗೊರಗೊರ ಕಡಿಮೆ ಮಾಡಲು ನಾಯ್ಸ್ ರಿಡಕ್ಷನ್ ಬಳಸುವಾಗಲೂ ಇದೇ ಹತ್ತು ಸೆಕೆಂಡ್ ಮಾದರಿಯಾಗಿ ಬೇಕು. ಆದರೆ ಫ್ಯಾನ್ ಆರಿಸಿ ಓದುವುದು ಅದಕ್ಕಿಂತ ಒಳ್ಳೆಯದು. ಜಾಸ್ತಿ ಸದ್ದು ತೆಗೆದರೆ ದನಿ ಕೊಡದೊಳಗಿಂದ ಬಂದಂತೆ ಆಗುತ್ತದೆ.

ದನಿಯ ಮಟ್ಟ ನೋಡಲು ಕಣ್ಣಿದ್ದವರಿಗೆ ಮೀಟರ್ ಇದೆ. ನಮಗೆ ಒಂದು ಉಪಾಯ ಇದೆ. ಎಲ್ಲವನ್ನೂ ಆಯ್ಕೆ ಮಾಡಿ ಎಫೆಕ್ಟ್ ಮೆನುವಿನ ಆಂಪ್ಲಿಫೈ ತೆರೆಯಿರಿ. ಅಲ್ಲಿ ಮೊದಲೇ ಒಂದು ಸಂಖ್ಯೆ ತುಂಬಿರುತ್ತದೆ. ದನಿಯ ಅತಿ ಎತ್ತರದ ಜಾಗ ಸೊನ್ನೆ ಡೆಸಿಬೆಲ್ ಮುಟ್ಟಲು ಎಷ್ಟು ಹೆಚ್ಚಿಸಬೇಕು ಎಂಬ ಲೆಕ್ಕ ಅದು. 6 ಎಂದಿದ್ದರೆ ನಿಮ್ಮ ದನಿಯ ತುದಿ ಮೈನಸ್ 6ರಲ್ಲಿದೆ. ಮಾತಿಗೆ ಅದು ಒಳ್ಳೆಯ ಮಟ್ಟ. 20 ಎಂದಿದ್ದರೆ ಮೈಕ್ ದೂರ ಇತ್ತು. ಸೊನ್ನೆ ಎಂದಿದ್ದರೆ ಬಹುಶಃ ದನಿ ಒಡೆದಿದೆ. ತಿಳಿದುಕೊಂಡು ಎಸ್ಕೇಪ್ ಒತ್ತಿ ಹೊರಬನ್ನಿ. ಒಂದು ಪ್ಯಾರಾ ಓದಿ ಹೀಗೆ ನೋಡಿ, ಮೈಕ್ ಸರಿಪಡಿಸಿ, ಆಮೇಲೆ ಇಡೀ ಪಾಠ ಓದಿ.

ನಿಮ್ಮ ವಿಷಯದಲ್ಲಿ ಕತ್ತರಿಸುವ ಕೆಲಸವನ್ನೇ ಕಡಿಮೆ ಮಾಡುವ ದಾರಿಯೊಂದಿದೆ. ಓದುವವರೂ ನೀವೇ, ಕತ್ತರಿಸುವವರೂ ನೀವೇ ಅಲ್ವಾ? ಓದುವಾಗ ತಪ್ಪಾದರೆ ನಿಲ್ಲಿಸಿ. ತಪ್ಪಾದ ವಾಕ್ಯದ ಶುರುವಿಗೆ ಕರ್ಸರ್ ತಂದು ಶಿಫ್ಟ್ ಮತ್ತು ಡಿ ಒತ್ತಿ. ಹಿಂದಿನ ಐದು ಸೆಕೆಂಡ್ ನಿಮಗೆ ಕೇಳಿಸುತ್ತದೆ. ಕರ್ಸರ್ ಇದ್ದ ಜಾಗಕ್ಕೆ ಬಂದ ತಕ್ಷಣ ರೆಕಾರ್ಡಿಂಗ್ ತಾನೇ ಶುರುವಾಗುತ್ತದೆ. ನಿಮ್ಮದೇ ದನಿ ಕೇಳಿಕೊಂಡು ಅದೇ ರಾಗದಲ್ಲಿ ಮುಂದುವರಿಯಬಹುದು. ತಪ್ಪಾದದ್ದು ಅಳಿದುಹೋಗಿ ಬೆಸುಗೆಯೂ ಆಗಿರುತ್ತದೆ. ಪಂಚ್ ಅಂಡ್ ರೋಲ್ ಎಂಬ ಈ ಸೌಲಭ್ಯ 2018ರಲ್ಲಿ ಆಡ್ಯಾಸಿಟಿಗೆ ಬಂತು. ಅದು ಬಂದ ಮೇಲೆ ನನ್ನ ಕತೆ ಓದುವ ಕೆಲಸ ಅರ್ಧಕ್ಕೆ ಇಳಿಯಿತು.

ಓದಿನ ಓಟ ನಿಲ್ಲಿಸಲು ಇಷ್ಟವಿಲ್ಲದಿದ್ದರೆ ತಪ್ಪಾದಾಗ ಕಂಟ್ರೋಲ್ ಮತ್ತು ಎಂ ಒತ್ತಿ, ಎಂಟರ್ ಒತ್ತಿ, ವಾಕ್ಯ ಮತ್ತೆ ಓದಿ. ಆ ಜಾಗದಲ್ಲಿ ಒಂದು ಲೇಬಲ್ ಬೀಳುತ್ತದೆ. ಆಮೇಲೆ ಆಲ್ಟ್ ಜೊತೆ ಎಡ ಬಲ ಬಾಣ ಒತ್ತಿ ಲೇಬಲ್‌ನಿಂದ ಲೇಬಲ್‌ಗೆ ಹೋಗಬಹುದು. ಆದರೆ ಕತ್ತರಿಸುವುದನ್ನು ಕೊನೆಯ ಲೇಬಲ್‌ನಿಂದ ಶುರುಮಾಡಿ ಹಿಂದಕ್ಕೆ ಬನ್ನಿ. ಮೊದಲಿನಿಂದ ಬಂದರೆ ಒಂದು ತುಂಡು ತೆಗೆದ ಕೂಡಲೇ ಮುಂದಿನ ಮಾತೆಲ್ಲ ಹಿಂದೆ ಸರಿಯುತ್ತದೆ, ಲೇಬಲ್‌ಗಳು ಅಲ್ಲೇ ಉಳಿಯುತ್ತವೆ. ಹಿಂದಿನಿಂದ ಬಂದರೆ ಈ ತೊಂದರೆಯೇ ಇಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಎಂ4ಎ ಫೈಲುಗಳನ್ನು ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ತಂತ್ರಾಂಶ ಬೇಕಾಗುತ್ತದೆ. ಅದೂ ಉಚಿತ. ಕೆಲಸ ಮುಗಿಯುವವರೆಗೆ ಕಂಟ್ರೋಲ್ ಮತ್ತು ಎಸ್ ಒತ್ತಿ ಪ್ರಾಜೆಕ್ಟ್ ಆಗಿ ಉಳಿಸಿ. ಮೂಲ ಫೈಲನ್ನು ಬೇರೆ ಕಡೆ ಇಟ್ಟಿರಿ. ಕೊನೆಗೆ ಕಂಟ್ರೋಲ್, ಶಿಫ್ಟ್ ಮತ್ತು ಇ ಒತ್ತಿ ಎಂಪಿ3 ಮಾಡಿ. ಮಾತಿಗೆ ಮೋನೋ, 64 ಕೆಬಿಪಿಎಸ್ ಸಾಕು. ಹತ್ತು ನಿಮಿಷದ ಪಾಠ 5 ಎಂಬಿ ಒಳಗೇ ಬರುತ್ತದೆ. ಮಕ್ಕಳ ಮೊಬೈಲ್ ಡೇಟಾ ಉಳಿಯುತ್ತದೆ.

ಧ್ವನಿ ಕತ್ತರಿಸುವ ಇನ್ನೊಂದು ತಂತ್ರಾಂಶವಾದ ರೀಪರ್ ಕಲಿಯಿರಿ ಎಂದು ಯಾರಾದರೂ ನಿಮಗೆ ಹೇಳಿರಬಹುದು. ಅದಕ್ಕೆ ಒಸಾರಾ ಎಂಬ ಉಚಿತ ಸೇರ್ಪಡೆ ಹಾಕಿದರೆ ಸ್ಕ್ರೀನ್ ರೀಡರ್ ಜೊತೆ ಬಹಳ ಚೆನ್ನಾಗಿ ಹೊಂದುತ್ತದೆ. ಅದನ್ನು ಶುರುಮಾಡಿದವರು ಎನ್‌ವಿಡಿಎ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಜೇಮ್ಸ್ ಟೆ. ಅವರೂ ಕಣ್ಣು ಕಾಣದವರು. ನಾಟಕ, ಹಿನ್ನೆಲೆ ಸಂಗೀತ, ನಾಲ್ಕಾರು ದನಿಗಳು ಇದ್ದರೆ ರೀಪರ್ ಕಡೆ ಹೋಗಿ. 60 ದಿನ ಉಚಿತವಾಗಿ ಬಳಸಿ ನೋಡಬಹುದು. ಒಬ್ಬರೇ ಓದುವ ಪಾಠಕ್ಕೆ ಈಗಿನದೇ ಸಾಕು.

ನಿಮ್ಮ ಕೊನೆಯ ಪ್ರಶ್ನೆ, ಖಾತ್ರಿಯಾಗುವುದು ಹೇಗೆ? ಕತ್ತರಿಸಿದ ದಿನವೇ ತೀರ್ಪು ಕೊಡಬೇಡಿ. ಅವತ್ತು ಎಲ್ಲ ಬೆಸುಗೆಗಳೂ ನಿಮಗೆ ನೆನಪಿರುತ್ತವೆ, ಇಲ್ಲದ ಗುರುತೂ ಕೇಳಿಸುತ್ತದೆ. ಮಾರನೇ ದಿನ ಬೆಳಗ್ಗೆ ಮೊಬೈಲಿನ ಸ್ಪೀಕರಿನಲ್ಲಿ ಹಾಕಿ, ಮಕ್ಕಳು ಕೇಳುವ ಹಾಗೆ. ಕಾಫಿ ಮಾಡಿಕೊಳ್ಳುತ್ತಾ ಕೇಳಿ. ಕೈ ಎಲ್ಲಿ ತಾನಾಗಿ ನಿಂತಿತೋ ಅಲ್ಲಿ ಏನೋ ಸರಿಯಿಲ್ಲ. ಎಷ್ಟನೇ ನಿಮಿಷ ಎಂದು ಮೊಬೈಲನ್ನೇ ಕೇಳಿ ನೆನಪಿಟ್ಟುಕೊಳ್ಳಿ. ಆಡ್ಯಾಸಿಟಿಯಲ್ಲಿ ದನಿ ನಿಂತಿರುವಾಗ ಎಡ ಬ್ರಾಕೆಟ್ ಒತ್ತಿದರೆ ಸಮಯ ಟೈಪ್ ಮಾಡುವ ಪೆಟ್ಟಿಗೆ ಬರುತ್ತದೆ. ಆ ನಿಮಿಷ ಕೊಟ್ಟು ಎಂಟರ್ ಒತ್ತಿ, ಕಾಮಾ ಎರಡು ಸಲ ಒತ್ತಿ ಎರಡು ಸೆಕೆಂಡ್ ಹಿಂದೆ ಹೋಗಿ, ಸರಿಪಡಿಸಿ. ಕೈ ಎಲ್ಲೂ ನಿಲ್ಲದಿದ್ದರೆ ಮಕ್ಕಳಿಗೆ ಕಳಿಸಿಬಿಡಿ.